ಗುರುಗ್ರಹದ ಫೋಟೋ ಸುಳ್ಳಲ್ಲ



ಹೋದ ಸಂಚಿಕೆಯಲ್ಲಿ ಅಂಟಿಸಿದ್ದ ಗುರುಗ್ರಹದ ಬಣ್ಣದ ಚಿತ್ರದ ಕೆಳಗೆ ಯಾರೋ ಪೆನ್ಸಿಲ್‌ನಲ್ಲಿ "ಇದು ಕಂಪ್ಯೂಟರ್‌ನಲ್ಲಿ ಮಾಡಿದ್ದು, ಸುಳ್ಳು" ಅಂತ ಬರೆದಿದ್ದಾರೆ. ಯಾರು ಅಂತ ನನಗೆ ಗೊತ್ತು, ಹೆಸರು ಹೇಳೋದಿಲ್ಲ. ಅವರ ಅನುಮಾನದಲ್ಲೂ ಅರ್ಥವಿದೆ. ಶಾಲೆಯ ಟೆಲಿಸ್ಕೋಪಿನಲ್ಲಿ ನಾವೆಲ್ಲ ಸಾಲಾಗಿ ನಿಂತು ನೋಡಿದಾಗ ಗುರು ಒಂದು ಬಟಾಣಿ ಕಾಳಿನ ಹಾಗೆ ಇದ್ದ, ನಡುಗ್ತಾ ಇದ್ದ, ಎರಡು ಮಸುಕು ಪಟ್ಟೆ ಕಂಡವರೇ ಪುಣ್ಯವಂತರು. ಚಿತ್ರದಲ್ಲಾದರೆ ಕೆಂಪು ಮಚ್ಚೆ, ಸುಳಿಗಳು, ಎಷ್ಟೊಂದು ಪಟ್ಟೆ! (ಗುರು ಅಂದ್ರೆ ಈ ಲೇಖನದಲ್ಲಿ ಗ್ರಹ. ಮೇಷ್ಟ್ರುಗಳು ತಪ್ಪು ತಿಳಿಯಬಾರದು.)

ಆ ಚಿತ್ರ ಸುಳ್ಳಲ್ಲ ಅನ್ನೋದು ನನ್ನ ಅಭಿಪ್ರಾಯ. ಆದರೆ ಅದು ನಿಜವಾಗಿ ಉಳಿಯಬೇಕಾದರೆ ಅದನ್ನು ಹಿಡಿಯುವ ಕಂಪ್ಯೂಟರ್ ಪ್ರೋಗ್ರಾಂ ಪ್ರಾಮಾಣಿಕವಾಗಿರಬೇಕು.

ಗುರುಗ್ರಹ ಎಷ್ಟು ಚಿಕ್ಕದಾಗಿ ಕಾಣುತ್ತೆ ಅಂದ್ರೆ, ಅದು ನಮಗೆ ಹತ್ತಿರ ಬಂದಾಗಲೂ ಹುಣ್ಣಿಮೆ ಚಂದ್ರನ ಅಗಲದಲ್ಲಿ ಸುಮಾರು 36 ಗುರುಗಳನ್ನು ಸಾಲಾಗಿ ಇಡಬಹುದು. ನಡುವೆ ನಮ್ಮ ಗಾಳಿ ಬೇರೆ. ಒಲೆಯ ಆಚೆ ಕೂತವರ ಮುಖ ಬಿಸಿಗಾಳಿಯಲ್ಲಿ ಅಲುಗಾಡಿದ ಹಾಗೆ ಕಾಣುತ್ತಲ್ಲ, ಗ್ರಹವೂ ಹಾಗೇ. ಆದರೆ ಗಾಳಿ ಒಮ್ಮೊಮ್ಮೆ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು ಸುಮ್ಮನಾಗುತ್ತೆ. ಆ ಗಳಿಗೆ ಯಾವಾಗ ಬರುತ್ತೋ ಯಾರಿಗೂ ಗೊತ್ತಿಲ್ಲ. ಅದಕ್ಕೇ ಹವ್ಯಾಸಿಗಳು ಒಂದು ಫೋಟೋ ತೆಗೆಯೋ ಬದಲು ಸೆಕೆಂಡಿಗೆ 100 ಚಿತ್ರದ ಹಾಗೆ 2 ನಿಮಿಷ ವಿಡಿಯೋ ತೆಗೀತಾರೆ. 12,000 ಚಿತ್ರ ಸಿಕ್ಕಿತು. ಅದರಲ್ಲಿ ಚೆನ್ನಾಗಿರೋದನ್ನು ಮಾತ್ರ ಆರಿಸಿ, ಒಂದರ ಮೇಲೊಂದು ಸರಿಯಾಗಿ ಕೂರಿಸಿ ಸರಾಸರಿ ಮಾಡ್ತಾರೆ. ಇದಕ್ಕೆ 'ಲಕ್ಕಿ ಇಮೇಜಿಂಗ್' ಅಂತಾರೆ, ಅದೃಷ್ಟದ ಚಿತ್ರ ಅಂತ. ಎಷ್ಟು ಚಿತ್ರಕ್ಕೊಂದು ಅದೃಷ್ಟ ಬರುತ್ತೆ ಅಂತ 1978ರಲ್ಲೇ ಡೇವಿಡ್ ಫ್ರೈಡ್ ಎಂಬ ವಿಜ್ಞಾನಿ ಲೆಕ್ಕ ಹಾಕಿದ್ದಾರೆ.

2 ನಿಮಿಷವೇ ಯಾಕೆ, ಅರ್ಧ ಗಂಟೆ ತೆಗೀಬಾರದಾ? ಆಗೋದಿಲ್ಲ. ಗುರು 10 ಗಂಟೆಗಿಂತ ಸ್ವಲ್ಪ ಕಡಿಮೆಯಲ್ಲೇ ಒಂದು ಸುತ್ತು ತಿರುಗಿಬಿಡ್ತಾನೆ. ತಡಮಾಡಿದರೆ ಮಚ್ಚೆ ಜರುಗಿ ಚಿತ್ರ ಕಲಸಿಹೋಗುತ್ತೆ.

ನಮ್ಮ ಅಜ್ಜಿ ರಾಗಿಯನ್ನು ಮೊರದಲ್ಲಿ ಕೇರ್ತಾರೆ. ಹೊಟ್ಟು ಹಾರುತ್ತೆ, ಕಾಳು ಉಳಿಯುತ್ತೆ. ಉಳಿದ ರಾಗಿ ಸುಳ್ಳು ರಾಗಿ ಅಂತ ಯಾರಾದರೂ ಅಂತಾರಾ? ಚಿತ್ರ ಆರಿಸೋದೂ ಅದೇ ಕೆಲಸ. ಸರಾಸರಿ ಮಾಡೋದಂತೂ ಬರೀ ಗಣಿತ. 100 ಚಿತ್ರ ಸೇರಿಸಿದರೆ ಕ್ಯಾಮೆರಾದ ಕಾಳುಕಾಳು ಗಲೀಜು 10ನೇ ಒಂದು ಭಾಗಕ್ಕೆ ಇಳಿಯುತ್ತೆ, ಯಾಕಂದ್ರೆ 100ರ ವರ್ಗಮೂಲ 10. ವರ್ಗಮೂಲ ಯಾಕೆ ಕಲೀಬೇಕು ಅಂತ ಕೇಳುತ್ತಿದ್ದವರು ಇದನ್ನು ಗಮನಿಸಬೇಕು.

ಎಲ್ಲರೂ ಚಿತ್ರ ಜೋಡಿಸುವ ಪ್ರೋಗ್ರಾಂಗಳನ್ನೇ ಹೊಗಳ್ತಾರೆ. ನನ್ನ ಪ್ರಕಾರ ಹಿಡಿಯುವ ಪ್ರೋಗ್ರಾಂ ಅದಕ್ಕಿಂತ ಮುಖ್ಯ. ಕೇರೋದು ನಾಳೆ ಮಾಡಬಹುದು, ಬೆಳೆ ಇವತ್ತೇ ಕೊಯ್ಯಬೇಕು. ಆ ಕೆಲಸ ಸುಲಭವೂ ಅಲ್ಲ. ನಾನು ಲೆಕ್ಕ ಹಾಕಿ ನೋಡಿದೆ. 640 ಅಡ್ಡ 480 ಚುಕ್ಕಿಗಳ ಒಂದು ಕಪ್ಪುಬಿಳುಪು ಚಿತ್ರಕ್ಕೆ 3,07,200 ಬೈಟ್. ಸೆಕೆಂಡಿಗೆ 100 ಅಂದ್ರೆ 3 ಕೋಟಿ ಬೈಟಿಗಿಂತ ಜಾಸ್ತಿ. 2 ನಿಮಿಷಕ್ಕೆ ಸುಮಾರು 3.7 ಜಿಬಿ! ಪ್ರೋಗ್ರಾಂ ಇದನ್ನೆಲ್ಲ ಕ್ಯಾಮೆರಾದಿಂದ ಇಸಕೊಂಡು ಡಿಸ್ಕಿಗೆ ಬರೀಬೇಕು, ಪರದೆ ಮೇಲೂ ತೋರಿಸಬೇಕು, ಮಧ್ಯೆ ಸಿಕ್ಕಿಹಾಕಿಕೊಳ್ಳಬಾರದು. ಡಿಸ್ಕ್ ನಿಧಾನವಾದರೆ ಚಿತ್ರಗಳು ಉದುರಿ ಹೋಗ್ತವೆ. ಒಳ್ಳೇ ಪ್ರೋಗ್ರಾಂ ಇಷ್ಟು ಉದುರಿತು ಅಂತ ಲೆಕ್ಕ ಒಪ್ಪಿಸುತ್ತೆ. ಪರದೆಯಲ್ಲಿ ಕೆಲವನ್ನು ಮಾತ್ರ ತೋರಿಸಿದರೂ ಡಿಸ್ಕಿಗೆ ಎಲ್ಲವನ್ನೂ ಬರೆಯುತ್ತೆ.

ಮೊಬೈಲ್ ಇದಕ್ಕೆ ಸರಿಹೋಗಲ್ಲ. ನಮ್ಮಣ್ಣ ಟೆಲಿಸ್ಕೋಪಿಗೆ ಮೊಬೈಲ್ ಹಿಡಿದು ತೆಗೆದ ಫೋಟೋದಲ್ಲಿ ಗುರು ಬಿಳೀ ಉಂಡೆ. ಸುತ್ತ ಕತ್ತಲಿದೆ ಅಂತ ಮೊಬೈಲೇ ಬೆಳಕು ಜಾಸ್ತಿ ಮಾಡಿಬಿಡ್ತು. ಆಮೇಲೆ ಅದಕ್ಕೆ ಚಂದ ಮಾಡೋ ಚಟ ಬೇರೆ, ಮುಖ ನುಣ್ಣಗೆ ಮಾಡಿದ ಹಾಗೆ ಗ್ರಹವನ್ನೂ ನುಣ್ಣಗೆ ಮಾಡುತ್ತೆ. ಗ್ರಹ ಹಿಡಿಯುವ ಪ್ರೋಗ್ರಾಂ ಹಾಗೆ ಬುದ್ಧಿವಂತಿಕೆ ತೋರಿಸಬಾರದು. ಎಕ್ಸ್‌ಪೋಶರ್ ಎಷ್ಟು, ಗೇನ್ ಎಷ್ಟು ಅಂತ ನಾವು ಹೇಳಬೇಕು, ಅದು ಕೇಳಬೇಕು. ಕ್ಯಾಮೆರಾ ಕೊಟ್ಟದ್ದನ್ನು ಕೊಟ್ಟ ಹಾಗೇ ಬರೆದಿಡಬೇಕು, ಜೊತೆಗೆ ಸಮಯವನ್ನೂ.

ಸಮಯ ಎಷ್ಟು ಮುಖ್ಯ ಅಂತ ಪೆನ್ಸಿಲ್ ಗೆಳೆಯರು ಕೇಳಬೇಕು. 2010ರ ಜೂನ್ 3ರಂದು ಆಸ್ಟ್ರೇಲಿಯಾದ ಆಂಟನಿ ವೆಸ್ಲಿ ಅನ್ನೋ ಹವ್ಯಾಸಿ ಗುರುವಿನ ವಿಡಿಯೋ ತೆಗೀತಾ ಇದ್ದಾಗ ಅಲ್ಲಿ ಸುಮಾರು 2 ಸೆಕೆಂಡ್ ಒಂದು ಬೆಳಕು ಮಿಂಚಿತು. ಏನೋ ಬಂದು ಬಿದ್ದು ಉರಿದಿತ್ತು. ಸುದ್ದಿ ಕೇಳಿ ಫಿಲಿಪೈನ್ಸ್‌ನ ಕ್ರಿಸ್ಟೋಫರ್ ಗೋ ತಮ್ಮ ವಿಡಿಯೋ ಹುಡುಕಿದರು. ಅದರಲ್ಲೂ ಅದೇ ಸಮಯಕ್ಕೆ, ಅದೇ ಜಾಗದಲ್ಲಿ ಅದೇ ಮಿಂಚು! ವಿಶ್ವ ಸಮಯ 20 ಗಂಟೆ 31 ನಿಮಿಷ, ನಮ್ಮಲ್ಲಿ ಆಗ ಜೂನ್ 4ರ ಬೆಳಗಿನ ಜಾವ 2 ಗಂಟೆ 1 ನಿಮಿಷ. ಎರಡು ದೇಶದ ಇಬ್ಬರು, ಎರಡು ಟೆಲಿಸ್ಕೋಪು. ಇಬ್ಬರ ಕಂಪ್ಯೂಟರೂ ಸೇರಿಕೊಂಡು ಒಂದೇ ಸುಳ್ಳು ಹೇಳೋಕೆ ಆಗುತ್ತಾ? ಇನ್ನೊಂದು ವಿಷಯ. ಗೋ ಅವರು ಚೆನ್ನಾಗಿ ಜೋಡಿಸಿದ ಚಿತ್ರ ಮಾತ್ರ ಇಟ್ಟುಕೊಂಡು ಮೂಲ ವಿಡಿಯೋ ಅಳಿಸಿದ್ದರೆ ಆ 2 ಸೆಕೆಂಡಿನ ಮಿಂಚು ಸರಾಸರಿಯಲ್ಲಿ ಕರಗಿಹೋಗುತ್ತಿತ್ತು. ಅದಕ್ಕೇ ಮೂಲವನ್ನು ಅವಸರದಲ್ಲಿ ಅಳಿಸಬಾರದು ಅಂತ ನಾನು ಹೇಳೋದು.

ಇದೇ ವೆಸ್ಲಿ 2009ರ ಜುಲೈ 19ರ ರಾತ್ರಿ ಗುರುವಿನ ಮೇಲೆ ಹೊಸ ಕಪ್ಪು ಕಲೆ ಕಂಡುಹಿಡಿದವರು. ಮಧ್ಯೆ ಮನೆಯೊಳಗೆ ಹೋಗಿ ಟಿವಿಯಲ್ಲಿ ಗಾಲ್ಫ್, ಕ್ರಿಕೆಟ್ ನೋಡಿ ಬಂದಿದ್ದರಂತೆ. ಅವರು ತಿಳಿಸಿದ ಮೇಲೆ ಹವಾಯಿಯಲ್ಲಿರುವ ನಾಸಾ ದೂರದರ್ಶಕ ತಿರುಗಿ ನೋಡಿತು, ಜುಲೈ 23ರಂದು ಹಬಲ್ ಕೂಡ ಫೋಟೋ ತೆಗೆಯಿತು.

ಈ ಪ್ರೋಗ್ರಾಂಗಳನ್ನು ಬರೆದವರೂ ದೊಡ್ಡ ಕಂಪನಿಯವರಲ್ಲ. ಜರ್ಮನಿಯ ಟಾರ್ಸ್ಟೆನ್ ಎಡೆಲ್‌ಮನ್ 'ಫೈರ್‌ಕ್ಯಾಪ್ಚರ್' ಬರೆದು ಪುಕ್ಕಟೆ ಕೊಟ್ಟಿದ್ದಾರೆ. ಜೋಡಿಸುವ 'ಆಟೋಸ್ಟ್ಯಾಕರ್ಟ್' ನೆದರ್‌ಲ್ಯಾಂಡ್ಸ್‌ನ ಎಮಿಲ್ ಕ್ರೈಕಾಂಪ್ ಅವರದು, ಅದಕ್ಕೂ ದುಡ್ಡಿಲ್ಲ. ಇಂಗ್ಲೆಂಡಿನ ರಾಬಿನ್ ಗ್ಲೋವರ್ ಅವರ 'ಶಾರ್ಪ್‌ಕ್ಯಾಪ್'ನಲ್ಲಿ ಕೆಲವು ಸೌಲಭ್ಯಕ್ಕೆ ದುಡ್ಡು ಕೊಡಬೇಕು. ಅದು ತಪ್ಪಲ್ಲ, ಅವರೂ ಊಟ ಮಾಡಬೇಕಲ್ಲ. ನನಗೆ ಹೆಚ್ಚು ಇಷ್ಟವಾದದ್ದು ಜೇಮ್ಸ್ ಫ್ರೈಯರ್ ಅವರ 'ಓಎಕ್ಯಾಪ್ಚರ್', ಯಾಕಂದ್ರೆ ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಕನ್ನಡ ಶಾಲೆಯ ನಾವೂ ಮುಂದೆ ಅದರಲ್ಲಿ ಕನ್ನಡ ಸೇರಿಸಲು ಪ್ರಯತ್ನಿಸಬಹುದು.

ಪೆನ್ಸಿಲ್ ಗೆಳೆಯರ ಮಾತಿನಲ್ಲಿ ಅರ್ಧ ನಿಜವೂ ಇದೆ. ಜೋಡಿಸಿದ ಮೇಲೆ ಚಿತ್ರವನ್ನು ಚೂಪು ಮಾಡ್ತಾರೆ. ಅತಿ ಮಾಡಿದರೆ ಗ್ರಹದ ಅಂಚಿನಲ್ಲಿ ಇಲ್ಲದ ಬಳೆ ಮೂಡುತ್ತೆ. ಅಕ್ಕಿ ಪಾಲಿಶ್ ಮಾಡೀ ಮಾಡೀ ಸತ್ವ ಕಳೆದ ಹಾಗೆ. ಅಂಥ ಚಿತ್ರ ಕಂಡರೆ ನಾನೂ ಪೆನ್ಸಿಲ್ ತಗೋತೀನಿ.

ಈಗ ನಮ್ಮ ಶಾಲೆಯ ವಿಷಯ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಹಳೇ ವಿದ್ಯಾರ್ಥಿಗಳು ಕೊಟ್ಟ ಹಣದ ಬಗ್ಗೆ ಮಾತಾಡ್ತಾರಂತೆ. ದೊಡ್ಡ ಟೆಲಿಸ್ಕೋಪು ತರೋಣ ಅಂತ ಕೆಲವರ ಮಾತು. ನನಗೆ ಅದು ಬೇಡ ಅನ್ನಿಸುತ್ತೆ. ಇರುವ 6 ಇಂಚಿನದಕ್ಕೇ ಒಂದು ಸಣ್ಣ ಗ್ರಹದ ಕ್ಯಾಮೆರಾ ತಂದರೆ, ಸ್ಟೂಲು ಹತ್ತಲಾಗದ ಒಂದನೇ ತರಗತಿಯವರೂ, ಬಗ್ಗಲಾಗದ ಅಜ್ಜ ಅಜ್ಜಿಯರೂ ಪರದೆಯಲ್ಲಿ ಒಟ್ಟಿಗೆ ನೋಡಬಹುದು. ಲ್ಯಾಬಿನ ಹಳೇ ಕಂಪ್ಯೂಟರ್ ನಿಧಾನ ಅಂತೀರಿ. ಚಿತ್ರದ ಕಿಟಕಿಯನ್ನು 320 ಅಡ್ಡ 240ಕ್ಕೆ ಇಳಿಸಿದರೆ ಹೊರೆ ಕಾಲು ಭಾಗ ಆಗುತ್ತೆ. ನಮ್ಮದು ಕೈಯಲ್ಲಿ ತಳ್ಳುವ ಟೆಲಿಸ್ಕೋಪಾದ್ದರಿಂದ ಸಣ್ಣ ಕಿಟಕಿಯಿಂದ ಗುರು ಬೇಗ ಓಡಿಹೋಗ್ತಾನೆ, ಅದು ನಿಜ. ಆಗ ಸಣ್ಣ ಸಣ್ಣ ವಿಡಿಯೋ ತೆಗೆಯಬೇಕು. ಪ್ರತಿ ಚಿತ್ರದಲ್ಲೂ ಗ್ರಹವನ್ನು ನಡುವಿಗೆ ತಂದು ಕೂರಿಸುವ ಪ್ರೋಗ್ರಾಂಗಳು ಇವೆ.

ದೊಡ್ಡ ಕಿಟಕಿಯಲ್ಲೇ ತೆಗೆದರೆ ಒಂದು ರಾತ್ರಿಗೆ 10 ವಿಡಿಯೋ, ಅಂದ್ರೆ 37 ಜಿಬಿ. ಮೂಲ ಅಳಿಸಬಾರದು ಅಂತ ಮೇಲೆ ಬರೆದಿದ್ದೇನೆ. ಆದ್ದರಿಂದ ಕ್ಯಾಮೆರಾದ ಜೊತೆ ಒಂದು ಬೇರೆ ಹಾರ್ಡ್ ಡಿಸ್ಕನ್ನೂ ಪಟ್ಟಿಯಲ್ಲಿ ಸೇರಿಸಬೇಕಾಗಿ ಸಭೆಗೆ ಹೋಗುವ ಮೇಷ್ಟ್ರಲ್ಲಿ ವಿನಂತಿ.

- 7ನೇ ತರಗತಿಯ ವಿದ್ಯಾರ್ಥಿನಿ