‘ಗೊತ್ತಿಲ್ಲ’ ಅನ್ನೋ ಆಪ್ಷನ್ ಎಲ್ಲಿದೆ?

ಅಮೆಜಾನ್ ಕ್ಲೌಡ್‌ನ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಪ್ರೊಫೆಷನಲ್ ಪರೀಕ್ಷೆಯಲ್ಲಿ 75 ಪ್ರಶ್ನೆ, 180 ನಿಮಿಷ. ಅಂದರೆ ಪ್ರಶ್ನೆಗೆ ಎರಡೂವರೆ ನಿಮಿಷವೂ ಇಲ್ಲ. ಶುಲ್ಕ 300 ಡಾಲರ್, ಮೂರು ವರ್ಷಕ್ಕೆ ಅವಧಿ ಮುಗಿಯುತ್ತೆ. ತಪ್ಪು ಉತ್ತರಕ್ಕೆ ಅಂಕ ಕಡಿಯೋದಿಲ್ಲ, ಬಿಟ್ಟದ್ದೂ ತಪ್ಪು ಅಂತಲೇ ಲೆಕ್ಕ. ಹಾಗಾಗಿ ಗೊತ್ತಿಲ್ಲದ್ದನ್ನು ಬಿಟ್ಟು ಬರುವವನು ದಡ್ಡ, ಕಣ್ಣು ಮುಚ್ಚಿ ‘ಸಿ’ ಒತ್ತಿದವನು ಜಾಣ.

ಈ ಪರೀಕ್ಷೆಗೆ ನಾನು ಆನೆಗೊಂದಿಯ ಮನೆಯಲ್ಲಿ ಕೂತು ಓದ್ತಾ ಇದ್ದೀನಿ. ಓದೋದು ದಂಡ ಅಂತ ಹೇಳ್ತಿಲ್ಲ. ಮೊನ್ನೆ ಒಂದು ಪ್ರಶ್ನೆ: ಹಲವು ದೇಶಗಳ ಬಳಕೆದಾರರಿಗೆ ಆ್ಯಪ್ ವೇಗವಾಗಿ ಸಿಗಬೇಕು, ಐಪಿ ವಿಳಾಸ ಬದಲಾಗಬಾರದು. ಉತ್ತರ, ಗ್ಲೋಬಲ್ ಆ್ಯಕ್ಸಲರೇಟರ್. ಸರಿ, ಅದು ಕೆಲಸ ಮಾಡೋದು ಹೇಗೆ? ಎನಿಕ್ಯಾಸ್ಟ್, ಅಂದರೆ ಒಂದೇ ವಿಳಾಸವನ್ನು ಹಲವು ಊರುಗಳಿಂದ ಸಾರೋದು. ಸಾರೋದು ಯಾವುದರ ಮೂಲಕ? ಬಿಜಿಪಿ. ನಡುವೆ ದಾರಿ ಬದಲಾದರೆ ಅರ್ಧಕ್ಕಿರೋ ಟಿಸಿಪಿ ಸಂಪರ್ಕದ ಗತಿ ಏನು? ಉತ್ತರ ಒತ್ತೋಕೆ ಹತ್ತು ಸೆಕೆಂಡು ಸಾಕಿತ್ತು. ಈ ಪ್ರಶ್ನೆಗಳ ಹಿಂದೆ ಹೋಗಿ ಮೂರು ಸಂಜೆ ಕಳೀತು, ಕೊನೆಗೆ ಗೊತ್ತಿಲ್ಲದ ವಿಷಯಗಳ ಪಟ್ಟಿಯೇ ಉದ್ದವಾಯ್ತು. ಆ ಮೂರು ಸಂಜೆಗೆ ಅರ್ಧ ಅಂಕವೂ ಇಲ್ಲ.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್ ಸುಮಾರು ಆರು ಗಂಟೆ ಸತ್ತುಬಿದ್ದಿದ್ದವಲ್ಲ? ನಿರ್ವಹಣೆಗೆಂದು ಕೊಟ್ಟ ಒಂದು ಕಮಾಂಡ್ ಡೇಟಾ ಸೆಂಟರ್‌ಗಳ ನಡುವಿನ ಜಾಲವನ್ನೇ ಕಡಿದುಹಾಕಿತ್ತು. ಅದನ್ನು ತಡೀಬೇಕಿದ್ದ ತಪಾಸಣೆಯ ಸಾಫ್ಟ್‌ವೇರ್‌ನಲ್ಲೇ ಬಗ್ ಇತ್ತು. ಅಂಥ ತಜ್ಞರಿರೋ ಜಾಗದಲ್ಲೇ ಹಂಗಾದರೆ, ‘ಸಿ’ ಒತ್ತಿ ಪಾಸಾದವನ ಕೈಗೆ ಬ್ಯಾಂಕಿನ ಸರ್ವರ್ ಕೊಡೋದು ಯಾವ ಧೈರ್ಯದ ಮೇಲೆ?

ನಮ್ಮ ಕಡೆಯದೇ ಉದಾಹರಣೆ ಬೇಕಾ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಕೊಂಡು ಹೋಯ್ತು. ಆಗ ಕರೆಸಿದ್ದು ನಿವೃತ್ತರಾಗಿದ್ದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರನ್ನ. ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿದರು. ಹೊಳೆಯ ಕೆಳಗಿರೋ ನಾವ್ಯಾರೂ ಅವರ ಸರ್ಟಿಫಿಕೇಟಿನ ಅವಧಿ ಮುಗಿದಿದೆಯಾ ಅಂತ ಕೇಳಲಿಲ್ಲ.

ಕಂಪನಿಗಳಿಗೆ ಇದೆಲ್ಲ ತಿಳೀದೇ ಇಲ್ಲ. ಕ್ಲೌಡ್ ಮಾರೋರ ಹತ್ತಿರ ಮೇಲ್ದರ್ಜೆಯ ಪಾರ್ಟ್‌ನರ್ ಆಗಬೇಕಂದ್ರೆ ಸರ್ಟಿಫಿಕೇಟ್ ಇರೋ ಇಂತಿಷ್ಟು ತಲೆ ತೋರಿಸಬೇಕು. ತಲೆಯೊಳಗೆ ಏನಿದೆ ಅನ್ನೋದು ಆಮೇಲಿನ ಮಾತು. ಡಂಪ್ಸ್ ಬಾಯಿಪಾಠದ ದಂಧೆ ನಡೆಯೋದು ಅದಕ್ಕೇ.

ಪೆಟ್ಟು ತಿನ್ನೋರು ಮಾತ್ರ ನಮ್ಮಂಥ ಊರಿನವರು. ಗಂಗಾವತಿ, ಕುಷ್ಟಗಿ ಕಡೆಯಿಂದ ಬಿಇ ಮುಗಿಸಿ ಬೆಂಗಳೂರಿಗೆ ಹೋದ ಹುಡುಗನಿಗೆ ಪರಿಚಯದವರಿಲ್ಲ, ಇಂಗ್ಲಿಷ್ ತಡವರಿಸುತ್ತೆ. ಇಂಟರ್‌ವ್ಯೂ ಬಾಗಿಲು ತೆಗೆಸೋದು ಸರ್ಟಿಫಿಕೇಟೊಂದೇ. ನಾನೂ ಬರೀತಿರೋದು ಅದಕ್ಕೇ ಅನ್ನಿ. ಆದರೆ ಆ ಹುಡುಗ ಮೀಟಿಂಗಲ್ಲಿ ‘ನನಗ ಇದು ಗೊತ್ತಿಲ್ರಿ’ ಅನ್ನೋಕೆ ಮೊದಲೇ ಹೆದರ್ತಾನೆ. ‘ಪ್ರೊಫೆಷನಲ್’ ಅಂತ ಬ್ಯಾಡ್ಜ್ ಬಂದ ಮೇಲಂತೂ ಬಾಯೇ ಬಿಡಲ್ಲ. ರಾತ್ರಿ ಎರಡಕ್ಕೆ ಸರ್ವರ್ ಬಿದ್ದರೆ ಯಾರನ್ನೂ ಎಬ್ಬಿಸದೆ ಊಹೆಯ ಮೇಲೆ ಕಮಾಂಡ್ ಹೊಡೀತಾನೆ. ಪರೀಕ್ಷೆ ಅವನಿಗೆ ಕಲಿಸಿದ್ದೂ ಅದನ್ನೇ ಅಲ್ವಾ?

ಮ್ಯಾನೇಜರ್ ಸಾಹೇಬ್ರೇ, ಅಪ್ರೈಸಲ್‌ನಿಂದ ಸರ್ಟಿಫಿಕೇಟಿನ ಲೆಕ್ಕ ತೆಗೀರಿ. ಓದೋಕೆ ವಾರಕ್ಕೆ ಅರ್ಧ ದಿನ ಕೊಡಿ. ಇಂಟರ್‌ವ್ಯೂನಲ್ಲಿ ಹುಡುಗ ‘ಗೊತ್ತಿಲ್ಲ’ ಅಂದ ಕೂಡಲೇ ಮುಂದಿನ ಪ್ರಶ್ನೆಗೆ ಹಾರಬೇಡಿ. ಗೊತ್ತು ಮಾಡ್ಕೊಳ್ಳೋಕೆ ಎಲ್ಲಿಂದ ಶುರು ಮಾಡ್ತೀಯಪ್ಪ ಅಂತ ಕೇಳಿ, ಹತ್ತು ನಿಮಿಷ ಸುಮ್ಮನೆ ಕೂತು ಕೇಳಿಸ್ಕೊಳ್ಳಿ.