ಹುಣಸೆಹುಳಿ ಹಾಕಿ ತಿಕ್ಕಿದ ರೂಪಾಯಿಗೆ ‘ಯುಎನ್‌ಸಿ’ ಅನ್ನಬೇಡಿ

“ಗ್ರೇಡಿಂಗ್ ಅನ್ನೋದು ಅವರವರ ಅಭಿಪ್ರಾಯ ಸಾರ್.”

ಆನ್‌ಲೈನ್ ಹರಾಜಿನಲ್ಲಿ ಹಳೇ ನಾಣ್ಯ ಮಾರುವವರಿಂದ ಈ ಮಾತು ಎಷ್ಟು ಸಲ ಕೇಳಿದ್ದೀನೋ, ಲೆಕ್ಕ ಇಟ್ಟಿಲ್ಲ. ‘ಯುಎನ್‌ಸಿ’, ಅಂದರೆ ಟಂಕಸಾಲೆಯಿಂದ ಬಂದ ಮೇಲೆ ಒಬ್ಬರ ಕೈಯಿಂದ ಒಬ್ಬರಿಗೆ ಚಲಾವಣೆಯೇ ಆಗದ್ದು, ಅಂತ ಬರೆದು ಮಾರಿರ್ತಾರೆ. ಬಂದ ರೂಪಾಯಿಯಲ್ಲಿ ರಾಣಿಯ ಕೆನ್ನೆ ಸವೆದು ನುಣ್ಣಗಾಗಿರುತ್ತೆ. ಕೇಳಿದರೆ ಅಭಿಪ್ರಾಯ! ನಾನು ಕೋಡ್ ಬರೆದು ಹೊಟ್ಟೆ ಹೊರೆಯೋನು. ನಮ್ಮಲ್ಲೂ ಇಂಥದ್ದೊಂದು ಮಾತಿದೆ, “ನನ್ನ ಮಷೀನಲ್ಲಿ ಸರಿಯಾಗಿ ಓಡ್ತಿದೆ” ಅಂತ. ಅದನ್ನ ನಂಬಿ ಯಾವ ಗಿರಾಕಿಯೂ ದುಡ್ಡು ಕೊಡೋದಿಲ್ಲ.

ಅಭಿಪ್ರಾಯ ಅನ್ನೋದರಲ್ಲಿ ಸ್ವಲ್ಪ ನಿಜ ಇದೆ, ಒಪ್ಪೋಣ. ಒಂದೇ ನಾಣ್ಯವನ್ನ ಇಬ್ಬರು ತಿಳಿದವರ ಮುಂದಿಟ್ಟರೆ ಒಬ್ಬರು ‘ವೆರಿ ಫೈನ್’ ಅನ್ನಬಹುದು, ಇನ್ನೊಬ್ಬರು ಸ್ವಲ್ಪ ಧಾರಾಳವಾಗಿ ‘ಎಕ್ಸ್‌ಟ್ರೀಮ್ಲಿ ಫೈನ್’ ಅನ್ನಬಹುದು. ಇಂದು ಜಗತ್ತೆಲ್ಲ ಬಳಸುವ ಒಂದರಿಂದ ಎಪ್ಪತ್ತರ ಅಳತೆಗೋಲು ಹುಟ್ಟಿದ್ದು 1949ರಲ್ಲಿ. ಅಮೆರಿಕದ ವಿಲಿಯಂ ಶೆಲ್ಡನ್ ಅನ್ನೋರು ತಮ್ಮ ದೇಶದ ಹಳೇ ತಾಮ್ರದ ಸೆಂಟುಗಳಿಗೆ ಅಂತ ಮಾಡಿದ್ದು ಅದು. ಅರವತ್ತರಿಂದ ಎಪ್ಪತ್ತರವರೆಗಿನ ಮೆಟ್ಟಿಲುಗಳಲ್ಲಿ ಬರಿಗಣ್ಣಿಗೆ ಕಾಣೋ ವ್ಯತ್ಯಾಸ ಕಡಿಮೆ, ಬೆಲೆಯ ವ್ಯತ್ಯಾಸ ಮಾತ್ರ ಭಯಂಕರ. ಅಂದಹಾಗೆ, ಈ ಶೆಲ್ಡನ್ ಸಾಹೇಬರು ತೀರಿಕೊಂಡ ಮೇಲೆ ಒಂದು ಸಂಗತಿ ಬಯಲಾಯಿತು. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಲ್ಲಿದ್ದ ನೂರಕ್ಕೂ ಹೆಚ್ಚು ಒಳ್ಳೆಯ ಸೆಂಟುಗಳನ್ನ ಎತ್ತಿಕೊಂಡು, ಆ ಜಾಗಕ್ಕೆ ತಮ್ಮ ಹತ್ತಿರವಿದ್ದ ಕಳಪೆ ಸೆಂಟುಗಳನ್ನ ಇಟ್ಟು ಬಂದಿದ್ದರಂತೆ! ಅಳತೆಗೋಲು ಮಾಡಿದವನ ಕಥೆಯೇ ಹೀಗಿರುವಾಗ ಬರೀ ಅಳತೆಗೋಲನ್ನ ನಂಬಿ ಕೂತರೆ ಆಗೋದಿಲ್ಲ.

ಆದರೆ ನನ್ನ ತಕರಾರು ಆ ಒಂದೆರಡು ಮೆಟ್ಟಿಲಿನ ಬಗ್ಗೆ ಅಲ್ಲವೇ ಅಲ್ಲ. ಅಭಿಪ್ರಾಯ ಅಲ್ಲದ ಸಂಗತಿಗಳೂ ಇವೆಯಲ್ಲ, ಅವನ್ನ ಮುಚ್ಚಿಡೋದರ ಬಗ್ಗೆ. ತೂಕ ಅಭಿಪ್ರಾಯವೇ? ವಿಕ್ಟೋರಿಯಾ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ, ಸರಿಯಾಗಿ ಒಂದು ತೊಲ. ಹಿಂದೆ ಅಕ್ಕಸಾಲಿಗರು ಇದನ್ನೇ ತೂಕದ ಕಲ್ಲಾಗಿ ಬಳಸುತ್ತಿದ್ದರು. ಸವೆದ ರೂಪಾಯಿ ಸ್ವಲ್ಪ ಕಡಿಮೆ ತೂಗೋದು ಸಹಜ. ಹತ್ತು ಗ್ರಾಂ ತೂಗಿದರೆ ಅದಕ್ಕೆ ಸವಕಲು ಅನ್ನೋ ಹೆಸರು ಸಲ್ಲೋದಿಲ್ಲ. ಅಡುಗೆಮನೆಯಲ್ಲಿಡೋ ಪುಟ್ಟ ತಕ್ಕಡಿ ಸಾಕು ಇದಕ್ಕೆ. ಆದರೂ ಪಟ್ಟಿಯಲ್ಲಿ ತೂಕ ಬರೆಯೋರು ಎಷ್ಟು ಜನ? ‘ಎಕ್ಸ್‌ಟ್ರೀಮ್ಲಿ ರೇರ್’ ಅನ್ನೋದಕ್ಕೆ ಮಾತ್ರ ಆರು ಆಶ್ಚರ್ಯಸೂಚಕ ಚಿಹ್ನೆ ಹಾಕಲು ಜಾಗ ಇರುತ್ತೆ.

ತೊಳೆದದ್ದು ಅಭಿಪ್ರಾಯವೇ? ನಮ್ಮೂರಲ್ಲಿ ಹಬ್ಬದ ಹಿಂದಿನ ದಿನ ಹಿತ್ತಾಳೆ ಚೊಂಬು, ದೀಪದ ಕಂಬಕ್ಕೆಲ್ಲ ಹುಣಸೆಹುಳಿ ಹಾಕಿ ಫಳಫಳ ಅನ್ನೋ ಹಾಗೆ ತಿಕ್ಕುತ್ತಾರೆ. ಚೊಂಬಿಗೆ ಅದು ಸರಿ. ನಾಣ್ಯಕ್ಕೆ ಅದೇ ಸಾವು. ಟಂಕದ ಏಟು ಬಿದ್ದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತೆ. ಅದರಿಂದ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡುತ್ತವೆ. ಚಲಾವಣೆಯಾಗದ ನಾಣ್ಯವನ್ನ ಬೆಳಕಿಗೆ ಹಿಡಿದು ತಿರುಗಿಸಿದರೆ ಗಾಡಿಯ ಚಕ್ರದ ಅರಗಳ ಹಾಗೆ ಹೊಳಪು ಸುತ್ತೋದು ಆ ಗೆರೆಗಳಿಂದ. ಹುಳಿ, ಟೂತ್‌ಪೇಸ್ಟ್, ಆಸಿಡ್ಡು, ತಂತಿಬ್ರಷ್ಷು ಯಾವುದು ಹಾಕಿದರೂ ಮೊದಲು ಹೋಗೋದು ಅವೇ. ಆಮೇಲೆ ಉಳಿಯೋದು ಸ್ಟೀಲ್ ತಟ್ಟೆಯಂಥ ಸತ್ತ ಮಿನುಗು. ಮಾರೋನಿಗೆ ಇದು ಚೆನ್ನಾಗಿ ಗೊತ್ತು. ಹೊಸದಾಗಿ ಈ ಹವ್ಯಾಸಕ್ಕೆ ಬಿದ್ದವನಿಗೆ ಗೊತ್ತಿರೋದಿಲ್ಲ, ‘ಹೊಳೀತಿದೆ ಅಂದ್ರೆ ಹೊಸದು’ ಅಂದುಕೊಳ್ತಾನೆ. ಈ ಎರಡರ ನಡುವಿನ ಕಂದಕದಲ್ಲಿ ನಡೆಯೋ ವ್ಯಾಪಾರಕ್ಕೆ ಅಭಿಪ್ರಾಯಭೇದ ಅಂತ ಹೆಸರಿಟ್ಟರೆ ಕನ್ನಡದಲ್ಲಿ ‘ಮೋಸ’ ಅನ್ನೋ ಪದಕ್ಕೆ ಕೆಲಸವೇ ಇರೋದಿಲ್ಲ.

ಹೋದ ವರ್ಷ ಒಂದು ರೂಪಾಯಿ ತರಿಸಿಕೊಂಡೆ. ಫೋಟೋದಲ್ಲಿ ಎರಡೂ ಮುಖ ಚೆನ್ನಾಗಿತ್ತು. ಕೈಗೆ ಬಂದಮೇಲೆ ಅಂಚು ನೋಡಿದರೆ, ಮೇಲ್ಗಡೆ ಸರಿಯಾಗಿ ಹನ್ನೆರಡು ಗಂಟೆಯ ಜಾಗದಲ್ಲಿ ಬೆಸುಗೆಯ ಗುರುತು. ಯಾವುದೋ ಅಜ್ಜಿಯ ಕೊರಳ ಸರದಲ್ಲಿದ್ದ ರೂಪಾಯಿ ಅದು, ಕುಣಿಕೆ ಕಿತ್ತು ಅರದಿಂದ ಉಜ್ಜಿದ್ದಾರೆ. ಅಜ್ಜಿಯ ಸರದ್ದು ಅಂತ ಹೇಳಿ ಮಾರಿದ್ದರೆ ಬಹುಶಃ ಇನ್ನೂ ಪ್ರೀತಿಯಿಂದ ಕೊಳ್ತಿದ್ದೆ! ಬರೆದು ಕೇಳಿದ್ದಕ್ಕೆ ಆಸಾಮಿ ಕಳಿಸಿದ ಉತ್ತರ: “ಅಂಚಿನ ಫೋಟೋ ನೀವು ಕೇಳಲಿಲ್ಲ.”

ಇಲ್ಲಿ ನನಗೆ ಅಡಿಕೆ ಮಂಡಿ ನೆನಪಾಗುತ್ತೆ. ಶಿವಮೊಗ್ಗದ ಕಡೆ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆ ವಿಂಗಡಿಸ್ತಾರೆ. ಅದೂ ಗ್ರೇಡಿಂಗೇ, ಅದೂ ಕಣ್ಣಂದಾಜೇ. ಬೆಳೆಗಾರನಿಗೂ ವ್ಯಾಪಾರಿಗೂ ಜಗಳ ಆಗದ ದಿನ ಇಲ್ಲ. ಆದರೆ ಅಲ್ಲಿ ಮೂಟೆಯ ಬಾಯಿ ಬಿಚ್ಚಿರುತ್ತೆ, ಕೊಳ್ಳೋನು ಒಳಗೆ ಕೈಹಾಕಿ ತಳದಿಂದ ನಾಲ್ಕು ಅಡಿಕೆ ಎತ್ತಿ, ಕತ್ತರಿಸಿ ನೋಡಬಹುದು. ಮೇಲೆ ಬೆಟ್ಟೆ ಹರಡಿ ಕೆಳಗೆ ಗೊರಬಲು ತುಂಬಿದವನ ಹೆಸರು ಸಂಜೆಯೊಳಗೆ ಮಂಡಿಯೆಲ್ಲ ಹಬ್ಬಿರುತ್ತೆ. ಆನ್‌ಲೈನ್ ಹರಾಜಿನಲ್ಲಿ ಮೂಟೆಗೆ ಕೈಹಾಕೋಕೆ ಆಗೋದಿಲ್ಲ. ನನ್ನ ಕಣ್ಣೂ ಕೈಯೂ ಮಾರೋನ ಹತ್ತಿರವೇ ಒತ್ತೆ ಇವೆ. ಹಾಗಿರುವಾಗ ಅವನ ಮೇಲಿನ ಜವಾಬ್ದಾರಿ ಮಂಡಿಯ ವ್ಯಾಪಾರಿಗಿಂತ ಹೆಚ್ಚೋ ಕಡಿಮೆಯೋ, ನೀವೇ ಹೇಳಿ.

ಇನ್ನು ಹರಾಜಿನ ಒಳಗಿನ ಆಟ. ನೀವು ಗರಿಷ್ಠ ಮೂರು ಸಾವಿರ ಅಂತ ಹಾಕಿಡ್ತೀರಿ. ಎದುರಾಳಿ ಇರೋ ತನಕ ಮಾತ್ರ ಯಂತ್ರ ನಿಮ್ಮ ಪರವಾಗಿ ಏರಿಸುತ್ತೆ. ಈಗ ಮಾರೋನದ್ದೇ ಇನ್ನೊಂದು ಖಾತೆ, ಅಥವಾ ಅವನ ಭಾವಮೈದುನನದ್ದು, ಇನ್ನೂರು ಇನ್ನೂರು ಏರಿಸ್ತಾ ನಿಮ್ಮ ತಳ ತಡಕುತ್ತೆ. ಅಕಸ್ಮಾತ್ ದಾಟಿಹೋದರೆ ಎರಡು ದಿನ ಬಿಟ್ಟು ನಿಮಗೆ ಸಂದೇಶ ಬರುತ್ತೆ: ಗೆದ್ದವರು ದುಡ್ಡು ಕಟ್ಟಲಿಲ್ಲ, ನಿಮ್ಮ ಬೆಲೆಗೇ ಕೊಡ್ತೀವಿ. ಒಬ್ಬನೇ ಮಾರಾಟಗಾರನ ಸರಕಿಗೆ ಮಾತ್ರ ಕೂಗುವ, ಎಷ್ಟು ಕೂಗಿದರೂ ಗೆಲ್ಲದ ಖಾತೆಗಳನ್ನ ಹುಡುಕೋದು ಕಷ್ಟವೇನಲ್ಲ. ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ಊಟಕ್ಕೆ ಏಳೋ ಮುಂಚೆ ಅಂಥ ಕ್ವೆರಿ ಬರೆದು ಮುಗಿಸ್ತಾಳೆ. ಕಮಿಷನ್ನು ಅಂತಿಮ ಬೆಲೆಯ ಮೇಲೆ ಶೇಕಡಾವಾರು ಸಿಗುವಾಗ ಆ ಕ್ವೆರಿಯನ್ನ ಓಡಿಸೋ ಆಸಕ್ತಿ ಯಾರಿಗಿರುತ್ತೆ?

ಇಸವಿಯ ಹೆಸರಲ್ಲೂ ಸುಳ್ಳು ಸುರಿಯುತ್ತೆ. ‘1862, ಬಹು ಅಪರೂಪ’ ಅಂತ ಮಾರ್ತಾರೆ. ಟಂಕಸಾಲೆಯವರು 1874ರ ತನಕ 1862 ಅನ್ನೋ ಇಸವಿಯನ್ನೇ ಒತ್ತುತ್ತಾ ಹೋದರು, ಹಾಗಾಗಿ ಅದು ತುಂಬ ಸಾಮಾನ್ಯ ರೂಪಾಯಿ. ನಿಜಕ್ಕೂ ಅಪರೂಪದ್ದು 1939ರ ಆರನೇ ಜಾರ್ಜ್ ರೂಪಾಯಿ, ಅದಕ್ಕೇ ಅದರ ನಕಲಿಗಳೂ ರಾಶಿ. ರಾಮದರ್ಬಾರಿನ ಚಿತ್ರವಿರೋ ‘1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ’ವಂತೂ ಕಂಪನಿ ಯಾವತ್ತೂ ಹೊರಡಿಸದೇ ಇದ್ದದ್ದು. ಅಕ್ಕಿ ಎಳೆಯುತ್ತೆ ಅಂತ ಅದನ್ನೇ ಲಕ್ಷಕ್ಕೆ ಮಾರೋ ದಂಧೆ ಹಳ್ಳಿಗಳಲ್ಲಿ ಎಷ್ಟು ಮನೆ ಹಾಳು ಮಾಡಿದೆ ಅನ್ನೋದು ಪೇಪರ್ ಓದೋರಿಗೆಲ್ಲ ಗೊತ್ತು. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ, ನಮ್ಮ ಹೆಸರು ಹೇಳಿ ಹಳೇ ನೋಟು ನಾಣ್ಯದ ವ್ಯವಹಾರಕ್ಕೆ ಕಮಿಷನ್ ಕೇಳೋರನ್ನ ನಂಬಬೇಡಿ ಅಂತ ಪ್ರಕಟಣೆಯನ್ನೇ ಕೊಡಬೇಕಾಯ್ತು.

“ಹಾಗಾದ್ರೆ ಅಮೆರಿಕದ ಡಬ್ಬಿಯಲ್ಲಿರೋದನ್ನೇ ತಗೊಳ್ಳಿ” ಅಂತಾರೆ ಕೆಲವರು. 1986ರಲ್ಲಿ ಪಿಸಿಜಿಎಸ್, ಮರುವರ್ಷ ಎನ್‌ಜಿಸಿ ಶುರುವಾದವು. ನಾಣ್ಯ ಪರೀಕ್ಷಿಸಿ, ಅಂಕ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕಳಿಸ್ತಾರೆ. ಒಳ್ಳೆಯ ಏರ್ಪಾಡು. ಆದರೆ ಈಗ ಡಬ್ಬಿಯೂ ನಕಲಿ ಬರ್ತಿದೆ. ಅಂಕ ಕಡಿಮೆ ಬಂತೆಂದು ಡಬ್ಬಿ ಒಡೆದು ಮತ್ತೆ ಮತ್ತೆ ಕಳಿಸಿ ಅದೃಷ್ಟ ನೋಡೋರೂ ಇದ್ದಾರೆ. ಮೇಲಾಗಿ ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನ ಮನಬಂದಂತೆ ದೇಶದಾಚೆ ಕಳಿಸೋ ಹಾಗಿಲ್ಲ. ಟಿಪ್ಪುವಿನ ಆನೆ ಪೈಸೆಗೆ ಕ್ಯಾಲಿಫೋರ್ನಿಯಾದಿಂದ ಅಂಕಪಟ್ಟಿ ತರಿಸೋದು ಪರಿಹಾರವೇ ಅಲ್ಲ.

ಕೊಳ್ಳೋರಿಗೂ ಒಂದು ಮಾತು, ಬೇಜಾರಾದರೂ ಸರಿ. ಐನೂರಕ್ಕೆ ಐವತ್ತು ಸಾವಿರದ ನಾಣ್ಯ ಸಿಕ್ಕೀತು ಅಂತ ಬಾಯಿಬಿಟ್ಟುಕೊಂಡು ಕೂತವರು ಇದ್ದದ್ದರಿಂದಲೇ ಈ ಅಂಗಡಿಗಳು ತೆರೆದಿವೆ.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಹಗಲು ಬೆಳಕಲ್ಲಿ ತೆಗೆದ ಎರಡೂ ಮುಖದ ಫೋಟೋ, ಜೊತೆಗೆ ಅಂಚಿನದ್ದೊಂದು. ಗ್ರಾಮಿನಲ್ಲಿ ತೂಕ. ತೊಳೆದಿದ್ದರೆ ತೊಳೆದಿದೆ, ಬೆಸುಗೆ ಇದ್ದರೆ ಬೆಸುಗೆ ಇದೆ ಅನ್ನೋ ಒಂದು ಸಾಲು. ಹೇಳಿದ ಹಾಗೆ ಇರದಿದ್ದರೆ ಏಳು ದಿನದೊಳಗೆ ವಾಪಸ್. ಇಷ್ಟು ಮಾಡಿ, ಆಮೇಲೆ ಗ್ರೇಡು ನಿಮ್ಮಿಷ್ಟದ್ದು ಹಾಕಿ, ಜಗಳ ಆಡೋಣ. ಹೀಗೆ ಮಾರೋರು ಇಲ್ಲ ಅಂತಲ್ಲ. ಮೈಸೂರು ಕಡೆಯ ವಯಸ್ಸಾದ ವ್ಯಾಪಾರಿಯೊಬ್ಬರು ‘ಹಿಂಭಾಗದಲ್ಲಿ ಗೀರು ಇದೆ, ಫೋಟೋದಲ್ಲಿ ಸರಿಯಾಗಿ ಕಾಣ್ತಿಲ್ಲ’ ಅಂತ ತಾವೇ ಬರೀತಾರೆ. ಅವರ ಹರಾಜಿಗೆ ಕೂಗೋರು ಮೂರೋ ನಾಲ್ಕೋ ಜನ. ಪಕ್ಕದಲ್ಲೇ ‘ಸೂಪರ್ ಜೆಮ್ ಯುಎನ್‌ಸಿ’ ಅಂತ ತಿಕ್ಕಿದ ರೂಪಾಯಿಗೆ ಇಪ್ಪತ್ತೊಂದು ಕೂಗು ಬಿದ್ದಿರುತ್ತೆ.