ಬೂತಾಯಿ ಬಾರದ ವರ್ಷಗಳು: ತಪ್ಪೆಲ್ಲ ಎಲ್ ನಿನೊದ್ದೇ?

ಕಾಸರಗೋಡು: ಮಂಜೇಶ್ವರದಿಂದ ತೃಕ್ಕರಿಪುರದವರೆಗಿನ ಕರಾವಳಿಯಲ್ಲಿ ಬೂತಾಯಿ ಎಂದರೆ ಬಡವರ ಮೀನು. ಮಲಯಾಳಿಗಳಿಗೆ ಅದೇ ಮತ್ತಿ. ಆದರೆ 2024ರ ಜೂನ್‌ನಲ್ಲಿ ಕೇರಳದ ಮಾರುಕಟ್ಟೆಗಳಲ್ಲಿ ಇದರ ದರ ಕಿಲೋಗೆ 400 ರೂ. ತನಕ ಏರಿದಾಗ, ಬಡವರ ಮೀನು ಅನ್ನೋ ಮಾತಿಗೇ ಅರ್ಥ ಇಲ್ಲದಾಯಿತು.

ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕ ನೋಡಿದರೆ ಏರಿಳಿತ ಎಷ್ಟು ವಿಪರೀತ ಎಂಬುದು ತಿಳಿಯುತ್ತದೆ. 2012ರಲ್ಲಿ ಕೇರಳದ ದಡಕ್ಕೆ ಬಂದ ಬೂತಾಯಿ ಸುಮಾರು 3.9 ಲಕ್ಷ ಟನ್. 2021ರಲ್ಲಿ ಬರೇ 3,297 ಟನ್. ಹಿಂದೆ ನೂರು ಬುಟ್ಟಿ ಸಿಗುತ್ತಿದ್ದಲ್ಲಿ ಒಂದು ಬುಟ್ಟಿಯೂ ತುಂಬಲಿಲ್ಲ ಎಂದ ಹಾಗೆ. ಮರುವರ್ಷ ಮೀನು ಮರಳಿತು, 2024ರಲ್ಲಿ 1.49 ಲಕ್ಷ ಟನ್‌ಗೆ ತಲುಪಿತು. ಹಾಗಿದ್ದರೂ ಅದು 2012ರ ಅರ್ಧಕ್ಕಿಂತ ಕಡಿಮೆ.

ಮಳೆಗಾಲವೇ ಬಾಣಂತನ

ಈ ಮೀನಿನ ಸಂತಾನ ನಿಂತಿರುವುದು ಮುಂಗಾರಿನ ಮೇಲೆ. ಜೂನ್ ಹೊತ್ತಿಗೆ ಮುಂಗಾರು ಗಾಳಿ ದಡದ ಮೇಲ್ನೀರನ್ನು ಹೊರಕ್ಕೆ ತಳ್ಳುತ್ತದೆ, ಅದರ ಜಾಗಕ್ಕೆ ತಳದ ತಣ್ಣೀರು ಗೊಬ್ಬರದಂಥ ಸತ್ವ ಹೊತ್ತು ಮೇಲೆ ಬರುತ್ತದೆ. ಬಿಸಿಲು ತಾಗಿದ ಕೂಡಲೇ ಕಣ್ಣಿಗೆ ಕಾಣದ ಪಾಚಿ ಕೋಟಿಗಟ್ಟಲೆ ಹುಟ್ಟುತ್ತದೆ. ಅದನ್ನು ತಿಂದು ಕೊಬ್ಬಿದ ಬೂತಾಯಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮೊಟ್ಟೆ ಇಡುತ್ತದೆ. ಒಂದೊಂದು ತಾಯಿಮೀನು ಇಡುವುದು ಹತ್ತಾರು ಸಾವಿರ ಮೊಟ್ಟೆ. ಒಂದು ದಿನದೊಳಗೆ ಅವು ಒಡೆಯುತ್ತವೆ, ಕೆಲವೇ ದಿನಗಳಲ್ಲಿ ಮರಿಗೆ ತಿನ್ನಲು ಏನಾದರೂ ಸಿಗಲೇಬೇಕು.

ಮಳೆ ತಡವಾಗಿ, ಗಾಳಿ ಸೊರಗಿ, ಮೇಲ್ನೀರು ಬಿಸಿಯಾಗಿಯೇ ಉಳಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಮೈಯಲ್ಲಿ ಕೊಬ್ಬಿಲ್ಲದ ಮೀನು ಬಲಿಯುತ್ತಿರುವ ಮೊಟ್ಟೆಗಳನ್ನು ಹೊಟ್ಟೆಯಲ್ಲೇ ಕರಗಿಸಿಕೊಳ್ಳುವುದುಂಟು. ಹುಟ್ಟಿದ ಮರಿಯೂ ಹಸಿವಿನಿಂದ ಸಾಯುತ್ತದೆ. ತಳದ ನೀರು ಅತಿಯಾಗಿ ಮೇಲೆದ್ದರೂ ಕಷ್ಟವೇ: ಅದರಲ್ಲಿ ಆಮ್ಲಜನಕ ಕಡಿಮೆ, ಮೀನು ಅಲ್ಲಿ ನಿಲ್ಲುವುದಿಲ್ಲ. ಬೂತಾಯಿಯ ಆಯುಸ್ಸೇ ಎರಡು, ಎರಡೂವರೆ ವರ್ಷ. ಆದ್ದರಿಂದ ಎರಡು ಮಳೆಗಾಲ ಕೆಟ್ಟರೆ ಮೂರನೆಯದಕ್ಕೆ ಮೊಟ್ಟೆ ಇಡುವ ಮೀನುಗಳೇ ಬೆರಳೆಣಿಕೆ.

2015ರ ಪ್ರಬಲ ಎಲ್ ನಿನೊ ಬಳಿಕ ದಡದಲ್ಲಿ ಎಲ್ಲರ ಬಾಯಲ್ಲೂ ಅದೇ ಹೆಸರು. ಅದರಲ್ಲಿ ಸತ್ಯವಿದೆ. ಆ ವರ್ಷಗಳಲ್ಲಿ ಹಿಡುವಳಿ ನಿಜಕ್ಕೂ ಕುಸಿದಿತ್ತು. ಆದರೆ 2023ರಲ್ಲೂ ಎಲ್ ನಿನೊ ಬಂದಿತ್ತು, ಆ ವರ್ಷ ಕೇರಳಕ್ಕೆ ಸಿಕ್ಕಿದ್ದು 1.38 ಲಕ್ಷ ಟನ್. ಎಲ್ಲಕ್ಕಿಂತ ಕೆಟ್ಟ 2021ರಲ್ಲಿ ಎಲ್ ನಿನೊ ಇರಲೇ ಇಲ್ಲ. ದೂರದ ಪೆಸಿಫಿಕ್ ಸಾಗರದತ್ತ ಕೈ ತೋರಿಸುವುದು ಸುಲಭ. ಕಡಲಿಗೆ ಹದ ಬಂದ ವರ್ಷ ಮೊಟ್ಟೆ ಇಡಲು ತಾಯಿಮೀನು ಎಷ್ಟು ಉಳಿದಿತ್ತು ಎಂದು ಕೇಳುವವರು ಕಮ್ಮಿ.

ಬಲೆಗೆ ಬಿಡುವು ಇಲ್ಲ

ತಲಪಾಡಿಯ ಆಚೆ ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ನಿಷೇಧ. ಯಾಂತ್ರಿಕ ದೋಣಿಗಳಷ್ಟೇ ಅಲ್ಲ, 10 ಅಶ್ವಶಕ್ತಿಗೆ ಮೀರಿದ ಇಂಜಿನ್ ಕಟ್ಟಿದ ನಾಡದೋಣಿಯೂ ಕಡಲಿಗಿಳಿಯುವಂತಿಲ್ಲ. ಈಚೆ ಕೇರಳದಲ್ಲಿ 52 ದಿನ, ಅದೂ ಟ್ರಾಲಿಂಗ್‌ಗೆ ಮಾತ್ರ. ಬೂತಾಯಿಯನ್ನು ಹೆಚ್ಚಾಗಿ ಹಿಡಿಯುವುದು ಟ್ರಾಲ್ ಬಲೆ ಅಲ್ಲ, ರಿಂಗ್ ಸೀನ್ ಎಂಬ ಸುತ್ತುಬಲೆ. ಇದನ್ನು ಹೊತ್ತ ಸಾಂಪ್ರದಾಯಿಕ ದೋಣಿಗಳಿಗೆ ನಿಷೇಧ ತಾಗುವುದಿಲ್ಲ. ಹಾಗಾಗಿ ಮೊಟ್ಟೆ ಇಡಲು ದಡದ ಹತ್ತಿರ ಬಂದ ಮೀನು ನೇರ ಬಲೆಗೆ ಬೀಳುತ್ತದೆ. ಮಳೆಗಾಲದ ಆ ದುಡಿಮೆಯೇ ವರ್ಷದ ಆಸರೆಯಾದ ಮನೆಗಳಿಗೆ ‘ದೋಣಿ ಇಳಿಸಬೇಡಿ’ ಅನ್ನೋದೂ ಸುಲಭವಲ್ಲ, ಬದಲಿಗೆ ಏನು ಕೊಡ್ತೀರಿ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಕೇರಳದಲ್ಲಿ ಹಿಡಿಯಬಹುದಾದ ಬೂತಾಯಿಯ ಕನಿಷ್ಠ ಉದ್ದ 10 ಸೆಂ.ಮೀ. ಎಂಬ ನಿಯಮವಿದೆ. ಒಳ್ಳೆಯದೇ. ಆದರೆ ಬೂತಾಯಿ ಪ್ರಾಯಕ್ಕೆ ಬರುವುದು ಸುಮಾರು 15 ಸೆಂ.ಮೀ. ಆದಾಗ. ಅಂದರೆ ಒಮ್ಮೆಯೂ ಮೊಟ್ಟೆ ಇಡದ ಮೀನನ್ನು ಕಾನೂನು ಪ್ರಕಾರವೇ ಹಿಡಿಯಬಹುದು! ಅದಕ್ಕಿಂತಲೂ ಸಣ್ಣ ಮರಿಗಳಿಗೆ ಮೀನುಹುಡಿ ಕಾರ್ಖಾನೆಗಳಲ್ಲಿ ಗಿರಾಕಿ ಇದ್ದೇ ಇದೆ. ಕೇರಳದಲ್ಲಿ ಹಿಡಿದ ಮರಿಮೀನು ಹೊರರಾಜ್ಯದ ಕಾರ್ಖಾನೆಗಳಿಗೆ ಲಾರಿಯಲ್ಲಿ ಹೋಗುವುದು ಹಳೇ ದೂರು. ಬಂದರಿನಲ್ಲಿ ಅಳತೆಕೋಲು ಹಿಡಿದು ನಿಲ್ಲುವ ಇಲಾಖೆ, ಅದೇ ಮೀನು ಗಡಿ ದಾಟಿದ ಮೇಲೆ ಏನೂ ಮಾಡುವಂತಿಲ್ಲ.

ತೀರಕ್ಕೆ ಹತ್ತಿರದ 12 ನಾಟಿಕಲ್ ಮೈಲು ಕಡಲಿನ ಮೀನುಗಾರಿಕೆ ಆಯಾ ರಾಜ್ಯದ ಅಧಿಕಾರಕ್ಕೆ ಸೇರಿದ್ದು. ಬೂತಾಯಿಯ ಹಿಂಡು ಮಾತ್ರ ಉಳ್ಳಾಲಕ್ಕೂ ಮಂಜೇಶ್ವರಕ್ಕೂ ಒಂದೇ. ಎರಡೂ ಕಡೆಯ ಇಲಾಖೆಗಳು ರಿಂಗ್ ಸೀನ್ ಬಲೆಗೆ ಬಿಡುವಿನ ದಿನಗಳನ್ನು ಒಟ್ಟಿಗೆ ನಿಗದಿಪಡಿಸಿ, ಆ ದಿನಗಳ ಪಡಿತರ, ಪರಿಹಾರವನ್ನೂ ಮೊದಲೇ ಘೋಷಿಸಿದರೆ ಮಾತ್ರ ಕಡಪ್ಪುರದ ಜನ ಇದನ್ನು ಒಪ್ಪಿಯಾರು.